ಪೆನಾಲ್ಟಿ ತಿಂದ ಹೊಗೆ, ಬೇಡವಾದ ಬಡ್ತಿ

ಇಂದ:
ಬಿಸೆರಾ ಚಾಪರೋವಾ,
ಚಾನೆಲ್ ಜೋಡಣೆಯ ಇಂಜಿನಿಯರ್,
ಉಪಗ್ರಹ ಭೂಕೇಂದ್ರ, ಸ್ತಾರ್ ಒರೆವ್ ಗ್ರಾಮ,
ಸ್ಟ್ರೂಮಿತ್ಸಾ ಹತ್ತಿರ, ಮ್ಯಾಸಿಡೋನಿಯಾ.

ಗೆ:
ಮಾನ್ಯ ಅಪೊಸ್ತೋಲ್ ಬೊಷ್ಕೋವ್ ಅವರು,
ಪ್ರಧಾನ ವ್ಯವಸ್ಥಾಪಕರು,
ಆರುಬೆಟ್ಟ ಉಪಗ್ರಹ ಟೆಲಿವಿಷನ್ ಸಂಸ್ಥೆ, ಸ್ಕೋಪ್ಯೆ.

ವಿಷಯ: ಅರ್ಜಿದಾರಳಿಗೆ ದಯಪಾಲಿಸಿರುವ ಬಡ್ತಿಯನ್ನೂ ಅದರ ಬಾಲ ಹಿಡಿದು ಬಂದಿರುವ ಸ್ಕೋಪ್ಯೆ ವರ್ಗಾವಣೆಯನ್ನೂ ರದ್ದುಪಡಿಸಿ, ನ್ಯಾಯವಾಗಿ ಬರಬೇಕಾದ ಶಿಕ್ಷೆಯನ್ನು ಇಲ್ಲಿಯೇ ಕೊಡುವ ಬಗ್ಗೆ.

ಉಲ್ಲೇಖ:
1. ಪೆನಾಲ್ಟಿ ಒದೆತ ಚೌಕಚೌಕವಾಗಿ ಕಂಡ ಬಗ್ಗೆ ಕಾರಣ ಕೇಳಿ ತಾವು ಕಳಿಸಿದ ನೋಟಿಸು.
2. ಸದರಿ ನೋಟಿಸಿಗೆ ಉತ್ತರ ಬರೆಯುವ ಮೊದಲೇ ಬಂದು ಬಿದ್ದ ಬಡ್ತಿ ಮತ್ತು ವರ್ಗಾವಣೆಯ ಆದೇಶ.
3. ಅನಧಿಕೃತ ವ್ಯಕ್ತಿಯೊಬ್ಬರು ತಮ್ಮ ಪೂಜ್ಯ ತಾಯಿಯವರ ಮೂಲಕ ತಮಗೆ ಮುಟ್ಟಿಸಿದ ಬಾಯಿಮಾತಿನ ಮನವಿ.

ಮಾನ್ಯರೇ,

ಈ ಅರ್ಜಿಯ ಉದ್ದಕ್ಕೂ ಅರ್ಜಿದಾರಳು ತನ್ನನ್ನು 'ಅರ್ಜಿದಾರಳು' ಎಂದೇ ಕರೆದುಕೊಂಡಿದ್ದಾಳೆ. 'ನಾನು' ಎಂದು ಬರೆಯಲು ಕೂತರೆ ಒಂದು ಸಾಲು ನಗು, ಒಂದು ಸಾಲು ಅಳು, ಮೂರನೆಯ ಸಾಲು ಬೈಗುಳ ಬರುತ್ತಿದೆ. ಅಂಥ ಕಾಗದವನ್ನು ತಮ್ಮ ಟಪಾಲು ವಿಭಾಗದವರು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಕೆಳಗಿನ ಅಂಶಗಳನ್ನು, ಸಾಧ್ಯವಾದರೆ ಊಟವಾದ ಮೇಲೆ, ಸಮಾಧಾನದಿಂದ ಓದಬೇಕಾಗಿ ವಿನಂತಿ.

1. ಅರ್ಜಿದಾರಳ ಕೆಲಸ ಹೊಸ ಚಾನೆಲ್‌ಗಳನ್ನು ಆಕಾಶಕ್ಕೆ ಹತ್ತಿಸುವುದು. ಗೋಡೆಗೆ ಮೊಳೆ ಹೊಡೆದು ಇನ್ನೊಂದು ಪಟ ತೂಗುಹಾಕಿದಷ್ಟೇ ಸುಲಭವೆಂದು ತಿಳಿದ ತಮ್ಮ ಮಾರಾಟ ವಿಭಾಗದವರು, ಬೇಸಿಗೆಯಲ್ಲೇ 'ನಾಲ್ಕು ಹೊಸ ಚಾನೆಲ್' ಎಂದು ಊರೂರಿಗೆ ಜಾಹೀರಾತು ಅಂಟಿಸಿಬಿಟ್ಟರು. ಆದರೆ ಉಪಗ್ರಹದಲ್ಲಿ ನಮಗೆ ಸಿಕ್ಕಿರುವ ದಾರಿ ಒಂದೇ, ಅದರ ಅಗಲವೂ ಗೊತ್ತುಮಾಡಿದ್ದು. ಹಳೆಯ ಚಾನೆಲ್‌ಗಳು ಒತ್ತರಿಸಿ ಕೂತರೆ ಮಾತ್ರ ಹೊಸಬರಿಗೆ ಜಾಗ. ಪ್ರತಿಯೊಂದರ ಚಿತ್ರವನ್ನೂ ಹಿಂಡಿ ಸಣ್ಣದು ಮಾಡಬೇಕು, ಎಲ್ಲವನ್ನೂ ಒಂದೇ ಧಾರೆಯಾಗಿ ಹೆಣೆಯಬೇಕು, ಪಟ್ಟಿಯಲ್ಲಿ ಹೆಸರು-ನಂಬರು ಕೂರಿಸಬೇಕು, ದೊಡ್ಡ ಡಿಶ್ಶಿನಿಂದ ಮೇಲಕ್ಕೆ ಕಳಿಸಬೇಕು. ಆಮೇಲೆ ಅದು ತಾತಂದಿರ ಮನೆಯ ಮುದಿ ಸೆಟ್‌ಟಾಪ್ ಬಾಕ್ಸಿನಲ್ಲೂ ಕಾಣುತ್ತದೆಯೇ ಎಂದು ಕೂತು ನೋಡಬೇಕು.

2. ತಾವು ಲೆಕ್ಕಪತ್ರದ ಕಡೆಯಿಂದ ಬಂದವರಾದ ಕಾರಣ ಒಂದು ತಾಂತ್ರಿಕ ವಿಷಯವನ್ನು ಅಡುಗೆಮನೆಯ ಭಾಷೆಯಲ್ಲಿ ಹೇಳಬೇಕಾಗಿದೆ. ಪಾತ್ರೆಯಲ್ಲಿರುವ ಸಾರು ಅಷ್ಟೇ; ಬಟ್ಟಲು ಹಿಡಿದು ಕೂತವರು ಹಲವರು. ಯಾರಿಗೆ ಹಸಿವು ಹೆಚ್ಚೋ ಅವರಿಗೆ ಹೆಚ್ಚು ಬಡಿಸುವ ಯಂತ್ರವೊಂದು ನಮ್ಮಲ್ಲಿದೆ. ವಾರ್ತೆ ಓದುವವರು ಅಲ್ಲಾಡುವುದಿಲ್ಲ, ಆದ್ದರಿಂದ ಅವರಿಗೆ ಒಂದು ಸೌಟು ಸಾಕು. ಫುಟ್‌ಬಾಲ್‌ನಲ್ಲಿ ಹುಲ್ಲು, ಜನ, ಓಟ, ಎಲ್ಲವೂ ಅಲ್ಲಾಡುತ್ತವೆ, ಆದ್ದರಿಂದ ಅದಕ್ಕೆ ಅರ್ಧ ಪಾತ್ರೆ ಬೇಕು. ಫುಟ್‌ಬಾಲ್‌ಗಿಂತ ಹೊಟ್ಟೆಬಾಕ ಚಿತ್ರ ಒಂದಿದೆ, ಅದು ಹೊಗೆ. ಹೊಗೆಗೆ ಅಂಚಿಲ್ಲ, ಅದು ಒಂದು ಕ್ಷಣ ಇದ್ದ ಹಾಗೆ ಇನ್ನೊಂದು ಕ್ಷಣ ಇರುವುದಿಲ್ಲ. ಹೊಗೆ ಬಂತೆಂದರೆ ಯಂತ್ರ ಕಕ್ಕಾಬಿಕ್ಕಿಯಾಗಿ ಇದ್ದ ಸಾರನ್ನೆಲ್ಲ ಅದಕ್ಕೇ ಸುರಿದುಬಿಡುತ್ತದೆ.

3. ನಾಲ್ಕನೆಯ ಚಾನೆಲ್ ಮದುವೆ ಹಾಡುಗಳದ್ದು. ಅದರ ಮಾಲೀಕರು ಕಾರ್ಯಕ್ರಮ ಕಳಿಸದೆ ಸತಾಯಿಸುತ್ತಿದ್ದ ಕಾರಣ, ಆ ಜಾಗವನ್ನು ಬೇರೆ ಚಿತ್ರ ಹಾಕಿ ಪರೀಕ್ಷಿಸಬೇಕಾಯಿತು. "ಹಿಂಡೋಕೆ ಯಂತ್ರಕ್ಕೆ ಜೀವ ಹೋಗೋ ಅಂಥ ಚಿತ್ರ ಹಾಕಮ್ಮ, ಆದ್ರೆ ಪುಕ್ಕಟೆ ಸಿಗ್ಬೇಕು" ಎಂದು ತಾವೇ ಫೋನಿನಲ್ಲಿ ಅಪ್ಪಣೆ ಕೊಡಿಸಿದ್ದಿರಿ. ಅರ್ಜಿದಾರಳು ಕಿಟಕಿಯಿಂದ ಹೊರಗೆ ನೋಡಿದಳು. ಅಲ್ಲಿ ಅತ್ತೆ ಇದ್ದರು.

4. ಅತ್ತೆಯ ಹೆಸರು ವೆಲಿಕಾ. ಅರ್ಜಿದಾರಳ ಗಂಡ, ಅಂದರೆ ಅವರ ಒಬ್ಬನೇ ಮಗ ಕಿರೋ, ತೀರಿಕೊಂಡು ವರ್ಷಗಳಾದವು. ಅಂದಿನಿಂದ ಅತ್ತೆ-ಸೊಸೆ ಇಬ್ಬರೇ ಕೇಂದ್ರದ ಗೋಡೆಗೆ ಒತ್ತಿದ ಮನೆಯಲ್ಲಿದ್ದಾರೆ. ಡಿಶ್ಶಿನ ಕೆಳಗಿನ ಸಿಮೆಂಟು ಕಟ್ಟೆಗೆ ಬೆಟ್ಟದ ಗಾಳಿ ತಾಕುವುದಿಲ್ಲವಾದ್ದರಿಂದ, ಅತ್ತೆ ಪ್ರತಿ ಸೆಪ್ಟೆಂಬರಿನಲ್ಲಿ ಅಲ್ಲೇ ತಗಡಿನ ಒಲೆ ಹೂಡಿ ಮೆಣಸಿನಕಾಯಿ ಸುಡುತ್ತಾರೆ. ಸುಟ್ಟ ಮೆಣಸಿನಕಾಯಿಯನ್ನು ಸುಲಿದು, ಅರೆದು, ಚಳಿಗಾಲಕ್ಕೆಂದು ಸೀಸೆಗೆ ತುಂಬುವ ಚಟ್ನಿ ಐವಾರ್. ಆ ತಿಂಗಳಲ್ಲಿ ಅದನ್ನು ಮಾಡದವರು ನಮ್ಮ ದೇಶದಲ್ಲಿ ಆಸ್ಪತ್ರೆಯಲ್ಲಿರುತ್ತಾರೆ, ಇಲ್ಲವೇ ಜೈಲಿನಲ್ಲಿರುತ್ತಾರೆ. ಕೆಂಪು ಮೆಣಸಿನಕಾಯಿಯ ರಾಶಿ, ಉರಿ, ಹೊಗೆ, ಅಡ್ಡಾಡುವ ಕೋಳಿ, ಅತ್ತೆಯ ಹೂಹೂವಿನ ತಲೆವಸ್ತ್ರ. ಇದಕ್ಕಿಂತ ಕಷ್ಟದ ಚಿತ್ರವನ್ನು ದುಡ್ಡು ಕೊಟ್ಟರೂ ಯಾರೂ ತೆಗೆದುಕೊಡುವುದಿಲ್ಲ. ಆದ್ದರಿಂದ ಕಿಟಕಿಯಲ್ಲಿ ಕ್ಯಾಮರಾ ಇಟ್ಟು, ಅದರ ಕೇಬಲ್ಲನ್ನು ಒಳಗೆಳೆದು, ನಾಲ್ಕನೆಯ ಚಾನೆಲ್ಲಿಗೆ ಜೋಡಿಸಲಾಯಿತು. ಪರೀಕ್ಷೆಯ ಸಲುವಾಗಿ ಬಡಿಸುವ ಯಂತ್ರದಲ್ಲಿ ಅದಕ್ಕೆ ಮೊದಲ ಪಂಕ್ತಿ ಕೊಡಲಾಯಿತು. ಪಟ್ಟಿಯಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟರೆ ಹಳೆಯ ಬಾಕ್ಸುಗಳು ನಿಂತುಹೋಗುವ ಕಾರಣ 'ವೆಲಿಕಾ' ಎಂದು ಬರೆಯಲಾಯಿತು.

5. ಪರೀಕ್ಷೆಯ ಚಾನೆಲ್ಲನ್ನು ಪಟ್ಟಿಯಲ್ಲಿ ಜನರಿಗೆ ಕಾಣದಂತೆ ಮರೆಮಾಡುವುದು ವಾಡಿಕೆ. ಹಾಗೆ ಮಾಡದಿರಲು ಕಾರಣ ತಮ್ಮ ಜಾಹೀರಾತು. ನಾಲ್ಕು ಎಂದು ಹೇಳಿ ಮೂರು ತೋರಿಸಿದರೆ ಜನ ಕಲ್ಲು ಹೊಡೆಯುತ್ತಾರೆ ಎಂದು ಮಾರಾಟ ವಿಭಾಗದವರು ಗೋಗರೆದರು. ಹೀಗಾಗಿ ಒಂದು ಬೆಳಿಗ್ಗೆ ದೇಶದ ಬಾಕ್ಸುಗಳೆಲ್ಲ ತಾವಾಗಿಯೇ ಹುಡುಕಾಡಿ ಅತ್ತೆಯನ್ನು ಕಂಡುಹಿಡಿದವು.

6. ಆಮೇಲೆ ನಡೆದದ್ದು ತಮಗೂ ಗೊತ್ತು. ಉಳಿದ ಮೂರು ಹೊಸ ಚಾನೆಲ್‌ಗಳ ಹೆಸರು ಇಂದಿಗೂ ಯಾರಿಗೂ ತಿಳಿಯದು. ವೆಲಿಕಾ ಚಾನೆಲ್ಲನ್ನು ಮಾತ್ರ ಹೋಟೆಲಿನವರು, ಕ್ಷೌರದಂಗಡಿಯವರು, ಸ್ವೀಡನ್ನಿನ ಮಾಲ್ಮೋ ಊರಿನಲ್ಲಿ ನೆಲೆಸಿದ ನಮ್ಮವರು ಬೆಳಗಿನಿಂದ ಸಂಜೆಯವರೆಗೆ ಹಾಕಿಕೊಂಡು ಕೂತರು. ಐವಾರಿಗೆ ಬದನೆಕಾಯಿ ಹಾಕುವುದು ಸರಿಯೋ ತಪ್ಪೋ ಎಂದು ಬೀದಿಬೀದಿಯಲ್ಲಿ ಜಗಳ ಹುಟ್ಟಿತು. ಕೇಂದ್ರದ ಫೋನು ಬಾಗಿಲ ಬಳಿ, ಒಲೆಗೆ ಹತ್ತಿರವೇ ಇರುವುದರಿಂದ, ಅತ್ತೆಯೇ ಅದನ್ನೆತ್ತಿ ಉತ್ತರ ಕೊಡತೊಡಗಿದರು. ಬದನೆಕಾಯಿಯ ಬಗ್ಗೆ ಕೇಳಿದವರಿಗೆ ಅವರು ಕೊಟ್ಟ ಉತ್ತರವನ್ನು ಅರ್ಜಿದಾರಳು ಇಲ್ಲಿ ಬರೆಯುವುದಿಲ್ಲ.

7. ಚಿತ್ರ ಚೆನ್ನಾಗಿ ಬರುತ್ತಿದೆ, ಧ್ವನಿಯನ್ನೂ ಪರೀಕ್ಷಿಸಿ ಎಂದು ತಮ್ಮ ಕಚೇರಿಯಿಂದಲೇ ಆದೇಶ ಬಂತು. ಕಿಟಕಿಯ ಸರಳಿಗೆ ಒಂದು ಮೈಕು ಕಟ್ಟಲಾಯಿತು. ಅತ್ತೆ ಅದಕ್ಕೆ ಬೆಳ್ಳುಳ್ಳಿ ಗೊಂಚಲು ತೂಗುಹಾಕಿದರು. ಇನ್ನು ಮೇಲೆ ಮಾತೂ ಹೋಗುತ್ತದೆ, ಜೋಪಾನ ಎಂದು ಅರ್ಜಿದಾರಳು ತಿಳಿಹೇಳಿದ್ದಾಳೆ. ಅತ್ತೆ ನಂಬಲಿಲ್ಲ.

"ಹೊಗೆ ಮೇಲಕ್ಕೆ ಹೋಗುತ್ತೆ, ಒಪ್ಪಿದೆ. ಮಾತು ಹ್ಯಾಗೆ ಹೋಗುತ್ತೆ? ನಾನು ಇಲ್ಲಿಂದ ಕೂಗಿದ್ರೆ ಪಕ್ಕದ್ಮನೆ ದೋನ್ಕಾಗೇ ಕೇಳ್ಸಲ್ಲ" ಎಂದರು.

ಸದರಿ ದೋನ್ಕಾ ಎಂಬುವರು ಅತ್ತೆಯ ಜೊತೆ ಕೂತು ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿಯುವವರು. ಅವರ ಮನೆಯಲ್ಲಿ ಡಿಶ್ ಇದೆ, ಎಲ್ಲವೂ ಗೊತ್ತಿದೆ. ಆದರೂ ತುಟಿ ಪಿಟಕ್ಕೆನ್ನಲಿಲ್ಲ. ಮಾರನೆಯ ದಿನದಿಂದ ಆ ತುಟಿಗೆ ಬಣ್ಣ ಹಚ್ಚಿಕೊಂಡು ಬರತೊಡಗಿದರು.

8. ಧ್ವನಿ ಪರೀಕ್ಷೆಯ ಮೊದಲ ದಿನವೇ, ಅರ್ಜಿದಾರಳು ಹೆಡ್‌ಫೋನ್ ಹಾಕಿಕೊಂಡು ಮಟ್ಟ ಸರಿಮಾಡುತ್ತಿದ್ದಾಗ, ಸಮಸ್ತ ನಾಡಿಗೆ ಕೇಳಿಸಿದ ಸಂಭಾಷಣೆ ಹೀಗಿದೆ.

"ನನ್ನ ಸೊಸೆ ಸೌಟು ಹಿಡಿದ್ರೆ ತಳ ಹತ್ತುತ್ತೆ ಕಣೇ ದೋನ್ಕಾ. ಅದೊಂದು ಬಿಟ್ರೆ ಹುಡುಗಿ ಬಂಗಾರ. ನಿನ್ನ ಕಡೆ ಯಾರಾದ್ರೂ ಗಂಡು ಇದ್ರೆ ನೋಡು. ಕುಡುಕ ಬೇಡ. ಸ್ವಲ್ಪ ಕುಡಿದ್ರೆ ಪರ್ವಾಗಿಲ್ಲ."

"ಹಲ್ಲಿರೋನಾ, ಇಲ್ದಿರೋನಾ, ವೆಲಿಕಕ್ಕ?"

"ಮುಂದಿನವು ಇದ್ರೆ ಸಾಕು."

ಆ ವಾರ ಕೇಂದ್ರದ ಗೇಟಿಗೆ ಬೆರೋವೊದ ಜೇನು ಸಾಕುವವನೊಬ್ಬ ಒಂದು ಸೀಸೆ ಜೇನು ಹಿಡಿದು ಬಂದ, ಬಿತೊಲಾದ ದಂತವೈದ್ಯನೊಬ್ಬ ಬಂದ, ನಮ್ಮ ಉಪಗ್ರಹ ಎಟುಕದ ಮೆಲ್ಬರ್ನಿನಿಂದಲೂ, ನೆಂಟರು ಫೋನಿನಲ್ಲಿ ತೋರಿಸಿದ್ದನ್ನು ನೋಡಿದ ನಿವೃತ್ತ ಟ್ರಾಮ್ ಚಾಲಕನೊಬ್ಬ ಹಲ್ಲು ಕಾಣುವ ಹಾಗೆ ಫೋಟೊ ಕಳಿಸಿದ. ಕರ್ತವ್ಯದ ವೇಳೆಯಲ್ಲಿ ಈ ಮಹನೀಯರನ್ನು ವಾಪಸು ಕಳಿಸುವುದೇ ಅರ್ಜಿದಾರಳಿಗೆ ದೊಡ್ಡ ಕೆಲಸವಾಯಿತು. ಅತ್ತೆ ಮಾತ್ರ ಇದೆಲ್ಲ ದೋನ್ಕಾಳ ಬಾಯಿಗೆ ಬೀಗ ಇಲ್ಲದ್ದರ ಫಲ ಎಂದು ತೀರ್ಮಾನಿಸಿ ಅವರಿಗೆ ಒಂದು ದಿನ ಕಾಫಿ ಕೊಡಲಿಲ್ಲ.

9. ಈಗ ನೋಟಿಸಿನ ವಿಷಯ. ರಾಷ್ಟ್ರೀಯ ತಂಡದ ಪಂದ್ಯದ ದಿನ ಪರೀಕ್ಷೆ ನಿಲ್ಲಿಸಿಬಿಡೋಣವೆಂದು ಅರ್ಜಿದಾರಳು ಕೇಳಿದ್ದಳು. ಪರೀಕ್ಷೆಯ ವರದಿ ಮುಗಿಯುವವರೆಗೆ ಏನನ್ನೂ ಮುಟ್ಟಬಾರದೆಂದು ತಮ್ಮ ಕಚೇರಿಯಿಂದ ಉತ್ತರ ಬಂತು. ಹಾಗಾಗಿ ಅವಳು ಯಂತ್ರದ ಮುಂದೆ ಕೂತು, ಹೊಗೆ ದಟ್ಟವಾದಾಗಲೆಲ್ಲ ಕೈಯಿಂದ ಅದರ ಬಟ್ಟಲನ್ನು ಹಿಂದಕ್ಕೆ ಸರಿಸುತ್ತ ಪಂದ್ಯವನ್ನು ಕಾಪಾಡುತ್ತಿದ್ದಳು. ಹೊಗೆ ವಾಸನೆ ಹೋಗಲೆಂದು ಆಗಷ್ಟೇ ತಲೆಗೆ ಸ್ನಾನ ಮಾಡಿದ್ದಳು. ಯಂತ್ರಗಳ ಕಾವಿಗೆ ಬಾಗಿಲು ತೆಗೆದಿತ್ತು. ಕೇಬಲ್ಲಿನ ದೆಸೆಯಿಂದ ಕಿಟಕಿಯೂ ತೆಗೆದಿತ್ತು. ನಮ್ಮವರಿಗೆ ಪೆನಾಲ್ಟಿ ಸಿಕ್ಕಿತು. ಆಟಗಾರ ಚೆಂಡಿಟ್ಟ. ಅತ್ತೆ ಏನೋ ಕೇಳಲೆಂದು ಬಾಗಿಲಿಗೆ ಬಂದವರು ಹಾಗೇ ನಿಂತುಬಿಟ್ಟರು.

"ಒದ್ದೆ ತಲೆ. ಆ ಕಡೆ ಕಿಟಕಿ, ಈ ಕಡೆ ಬಾಗಿಲು. ಏಳು ಅಲ್ಲಿಂದ."

"ಅತ್ತೆ, ಪೆನಾಲ್ಟಿ."

"ಪೆನಾಲ್ಟಿ ಬದುಕಿರುತ್ತೆ, ನೀನು ಸಾಯ್ತೀಯ. ಒಬ್ಬನ್ನ ಕಳಕೊಂಡಿದೀನಿ ಕಣೇ, ಇನ್ನೊಬ್ಬಳನ್ನ ಕೊಡಲ್ಲ."

10. ಎದುರುಬದುರು ಕಿಟಕಿ-ಬಾಗಿಲುಗಳ ನಡುವೆ ಹಾಯ್ದು ಜೀವ ತೆಗೆಯುತ್ತದೆಂದು ನಮ್ಮ ತಾಯಂದಿರೆಲ್ಲ ಹೆದರುವ ಅಡ್ಡಗಾಳಿಯ ಬಗ್ಗೆ ತಮಗೆ ವಿವರಿಸಬೇಕಾಗಿಲ್ಲ. ತಾವೂ ಈ ನಾಡಿನ ತಾಯಿಯೊಬ್ಬರ ಮಗ. ತಮ್ಮ ಕಾರಿನಲ್ಲಿ ಎರಡು ಕಡೆಯ ಗಾಜು ಒಟ್ಟಿಗೆ ಇಳಿದದ್ದನ್ನು ಯಾರೂ ಕಂಡಿಲ್ಲ. ಕಿರೋನ ಎದೆಯ ಕಾಯಿಲೆಗೆ ವೈದ್ಯರು ಉದ್ದದ ಹೆಸರೊಂದನ್ನು ಇಟ್ಟಿದ್ದರು. ಅತ್ತೆಯ ತೀರ್ಪಿನಲ್ಲಿ ಅದು ಅಡ್ಡಗಾಳಿಯೇ, ಆ ಬಗ್ಗೆ ಮೇಲ್ಮನವಿಗೆ ಅವಕಾಶವಿಲ್ಲ. ಆದ ಕಾರಣ ಅವರು ಅರ್ಜಿದಾರಳನ್ನು ರಟ್ಟೆ ಹಿಡಿದು ಎಬ್ಬಿಸಿ, ಮೂಲೆಗೆ ಕೂರಿಸಿ, ಟವೆಲಿನಿಂದ ತಲೆ ತಿಕ್ಕತೊಡಗಿದರು. ಅವರು ಇಲ್ಲಿ ತಲೆ ತಿಕ್ಕುತ್ತಿದ್ದ ಕಾರಣ ಅಲ್ಲಿ ಒಲೆಯ ಬಳಿ ಯಾರೂ ಇರಲಿಲ್ಲ. ಯಾರೂ ಇರದ ಕಾರಣ ಮೆಣಸಿನಕಾಯಿ ಸೀದವು. ಸೀದ ಕಾರಣ ಹಿಂದೆಂದೂ ಕಾಣದಂಥ ಹೊಗೆ ಎದ್ದಿತು. ಎದ್ದ ಕಾರಣ ಬಡಿಸುವ ಯಂತ್ರ ಪಾತ್ರೆಯನ್ನೇ ಎತ್ತಿ ಅತ್ತೆಯ ಬಟ್ಟಲಿಗೆ ಬಗ್ಗಿಸಿತು. ಆದ್ದರಿಂದ ದೇಶ ಕಂಡದ್ದು ಹಸಿರು ಚೌಕಗಳು, ಬಿಳಿ ಚೌಕಗಳು ಮತ್ತು ಒಂದು ಕೆಂಪು ಚೌಕ. ಗೋಲು ಆಯಿತೆಂದು ತಿಳಿದದ್ದು ರೇಡಿಯೊ ಇದ್ದ ಮನೆಗಳಿಂದ ಬಂದ ಕೂಗಿನಿಂದ. ಮತ್ತೆ ತೋರಿಸುವಾಗಲೂ ಹೊಗೆ ಇಳಿದಿರಲಿಲ್ಲ.

11. ನೋಟಿಸು ಬಂತು. ಅದು ನ್ಯಾಯ. ಅದರ ಬೆನ್ನಿಗೇ 'ಅರ್ಜಿದಾರಳ ಅಪೂರ್ವ ಸೇವೆಯನ್ನು ಮೆಚ್ಚಿ' ಸ್ಕೋಪ್ಯೆಯ ಪ್ರಧಾನ ಕಚೇರಿಗೆ ಬಡ್ತಿ ಬಂತು. ಇಡೀ ದೇಶ ಯಾರ ಕುತ್ತಿಗೆ ಹಿಸುಕಬೇಕೆಂದು ಹುಡುಕುತ್ತಿರುವಾಗ, ಯಾವ ಸೇವೆಗೆ ಈ ಮೆಚ್ಚುಗೆ ಎಂದು ಅರ್ಜಿದಾರಳಿಗೆ ತಲೆಬುಡ ತಿಳಿಯಲಿಲ್ಲ. ಆದೇಶ ಓದಿ ಹೇಳಿದಾಗ ಅತ್ತೆ, ಹೋಗು, ಬೀರುವಿನ ಮೇಲಿನ ದೊಡ್ಡ ಪೆಟ್ಟಿಗೆ ತಗೊ, ಇಲ್ಲಿ ಯಾರೂ ನಿನಗಾಗಿ ಅತ್ತು ಕರೆಯೋರಿಲ್ಲ ಎಂದರು. ಆ ರಾತ್ರಿ ಅರ್ಜಿದಾರಳಿಗೆ ಊಟ ಸೇರಲಿಲ್ಲ. ಇಷ್ಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿಂದವರು ಇಷ್ಟು ಹಗುರಾಗಿ ಬೀಳ್ಕೊಡುತ್ತಾರಲ್ಲ ಎಂದು ಅವಳಿಗೆ ಬಹಳ ಸಂಕಟವಾಯಿತು.

12. ಮರುದಿನ ಮಧ್ಯಾಹ್ನ ಅರ್ಜಿದಾರಳು ಎಂದಿನಂತೆ ಹೆಡ್‌ಫೋನ್ ಹಾಕಿಕೊಂಡಿದ್ದಳು. ಹೊರಗೆ ಸಿಪ್ಪೆ ಸುಲಿಯುವುದು ನಡೆದಿತ್ತು. ಸೊಸೆ ಹೋಗುವುದು ನಿಜವೇ ಎಂದು ದೋನ್ಕಾ ಕೇಳಿದರು. ಅತ್ತೆ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಸುಲಿದು ಮುಗಿಸಿದರು.

"ನಾನೇ ಕಳಿಸ್ತಿರೋದು. ಆ ಮ್ಯಾನೇಜರನ ತಾಯಿ ಫೋನ್ ಮಾಡಿ, ಬೆಳ್ಳುಳ್ಳಿ ಯಾವಾಗ ಹಾಕ್ಬೇಕು, ಹೊಗೇಲಿ ಕಾಣಿಸ್ತಿಲ್ಲ ಅಂದ್ಲು. ಹೇಳ್ಕೊಡ್ತೀನಿ, ಮೊದ್ಲು ನಿನ್ನ ಮಗನಿಗೆ ಹೇಳಿ ನನ್ನ ಸೊಸೆನ ದೊಡ್ಡ ಊರಿಗೆ ಕರೆಸ್ಕೊ ಅಂದೆ."

"ವೆಲಿಕಕ್ಕ, ಮೆಲ್ಲಗೆ ಮಾತಾಡು ಮಾರಾಯ್ತಿ" ಎಂದು ದೋನ್ಕಾ ಬೆಳ್ಳುಳ್ಳಿ ಗೊಂಚಲಿನ ಕಡೆ ನೋಡಿದರು.

"ಯಾಕೆ ಮೆಲ್ಲಗೆ? ಅವಳು ಒಳಗಡೆ ಯಂತ್ರದ ಪೆಟ್ಟಿಗೆಗಳ ಜೊತೆ ಕೂತಿದಾಳೆ. ಇಲ್ಲೇ ಇದ್ರೆ ಅವಳು ಏನಾಗ್ತಾಳೆ ಹೇಳು. ನಾನಾಗ್ತಾಳೆ. ಕಿರೋ ಹೋದಾಗ ತವರಿಗೆ ಹೋಗ್ಬಹುದಿತ್ತು, ಹೋಗ್ಲಿಲ್ಲ. ಮಾರನೇ ದಿನ ಎದ್ದು ನನಗೆ ಕಾಫಿ ಮಾಡ್ಕೊಟ್ಲು. ಕೆಟ್ಟದಾಗಿತ್ತು. ಕುಡಿದೆ. ಅವತ್ತಿಂದ ಅದನ್ನೇ ಕುಡೀತಿದೀನಿ. ಅವಳು ಹೋದ್ಮೇಲೆ ನಾನು ಯಾರಿಗೆ ಬೈಲಿ? ಕೋಳಿಗೆ ಬೈದ್ರೆ ಅದು ತಿರುಗಿ ಮಾತಾಡಲ್ಲ."

ದೋನ್ಕಾ ಅಳುತ್ತಿದ್ದರು, ತುಟಿಯ ಬಣ್ಣ ಗಲ್ಲಕ್ಕೆ ಇಳಿದದ್ದು ನಾಡಿಗೆಲ್ಲ ಕಂಡಿತು. ಅರ್ಜಿದಾರಳ ಸ್ಥಿತಿಯನ್ನು ಇಲ್ಲಿ ವಿವರಿಸುವುದು ಕಚೇರಿ ಶಿಸ್ತಿಗೆ ಒಪ್ಪುವುದಿಲ್ಲ. ಅವಳು ಅತ್ತಳು, ಅಷ್ಟೇ. ಜೋರಾಗಿ ಅತ್ತಳು. ಗೇಟಿನ ಕಾವಲುಗಾರ ಯಂತ್ರಕ್ಕೆ ಬೆಂಕಿ ಬಿತ್ತೆಂದು ಬಕೆಟ್ಟಿನಲ್ಲಿ ನೀರು ತಂದ. ಸಂಜೆ ಮನೆಗೆ ಹೋದಾಗ ಅತ್ತೆ, ಕಣ್ಣೇಕೆ ಕೆಂಪಗಿದೆ, ಮತ್ತೆ ಬಾಗಿಲು ತೆಗೆದು ಕೂತಿದ್ದೆಯಾ ಎಂದು ಬೈದರು. ಅರ್ಜಿದಾರಳು ಹೌದೆಂದಳು. ಬೈಗುಳ ಕೇಳುತ್ತ ಎರಡು ತಟ್ಟೆ ಹುರುಳಿಕಾಯಿ ಪಲ್ಯ ಉಂಡಳು.

ಮೇಲಿನ ಸಂಗತಿಗಳ ಹಿನ್ನೆಲೆಯಲ್ಲಿ ಕೆಳಕಂಡ ಅಂಶಗಳು ತಮ್ಮ ಗಮನಕ್ಕೆ ಬರಬೇಕಾಗಿವೆ. ಒಂದು, ಬಡ್ತಿಗೆ ಶಿಫಾರಸು ಮಾಡಿದವರು ಸಂಸ್ಥೆಯ ನೌಕರರಲ್ಲ. ಶಿಫಾರಸಿಗೆ ಪ್ರತಿಯಾಗಿ ಬೆಳ್ಳುಳ್ಳಿಯ ಗುಟ್ಟು ಕೈಯಿಂದ ಕೈಗೆ ದಾಟಿದೆ, ಆದ್ದರಿಂದ ಅದು ಲಂಚ. ಎರಡು, ಇಲ್ಲೇ ಉಳಿದರೆ ಅರ್ಜಿದಾರಳು ಅತ್ತೆಯಂತೆಯೇ ಆಗಿಬಿಡುತ್ತಾಳೆ ಎಂಬುದು ಶಿಫಾರಸುದಾರರ ಮುಖ್ಯ ಆತಂಕ. ಅರ್ಜಿದಾರಳು ಇದನ್ನು ಕೂಲಂಕಷವಾಗಿ ಪರಿಶೀಲಿಸಿದ್ದಾಳೆ. ಅವಳ ಕಡೆಯಿಂದ ಯಾವ ಆಕ್ಷೇಪಣೆಯೂ ಇಲ್ಲ. ಮೂರು, ಗಂಡು ಹುಡುಕುವ ಪ್ರಶ್ನೆಗೆ ಸ್ಕೋಪ್ಯೆಯೇ ಆಗಬೇಕೆಂದಿಲ್ಲ. ಬೆರೋವೊದ ಜೇನಿನವನು ಖಾಲಿ ಸೀಸೆ ವಾಪಸು ಕೇಳುವ ನೆಪದಲ್ಲಿ ಮತ್ತೊಮ್ಮೆ ಬಂದು ಹೋಗಿದ್ದಾನೆ, ಆ ಕಡತ ಇನ್ನೂ ಪರಿಶೀಲನೆಯಲ್ಲಿದೆ.

ಆದ್ದರಿಂದ ತಾವು ದಯಮಾಡಿ,

ಅ) ಬಡ್ತಿಯನ್ನೂ ವರ್ಗಾವಣೆಯನ್ನೂ ರದ್ದುಪಡಿಸಬೇಕು. ಕಾರಣದ ಕಾಲಂನಲ್ಲಿ 'ಸೊಸೆ ಒಪ್ಪಲಿಲ್ಲ' ಎಂದು ಬರೆಯದೆ 'ತಾಂತ್ರಿಕ ಕಾರಣಗಳಿಂದ' ಎಂದು ಬರೆಯಬೇಕು. ಸೋತೆನೆಂದು ಅತ್ತೆಗೆ ಅನ್ನಿಸಬಾರದು.

ಆ) ಪೆನಾಲ್ಟಿಗೆ ಸಂಬಂಧಿಸಿದಂತೆ ಅರ್ಜಿದಾರಳಿಗೆ ತಕ್ಕ ಶಿಕ್ಷೆ ಕೊಡಬೇಕು, ಆದರೆ ಈ ಊರಿನೊಳಗೆ ಕೊಡಬೇಕು.

ಇ) ಮದುವೆ ಹಾಡಿನವರು ಈಗ ತಮ್ಮ ಜಾಗ ಕೇಳುತ್ತಿರುವುದರಿಂದ ಅದನ್ನು ಅವರಿಗೆ ಬಿಟ್ಟುಕೊಟ್ಟು, ವೆಲಿಕಾ ಚಾನೆಲ್ಲಿಗೆ ದಾರಿಯ ಅಂಚಿನಲ್ಲಿ, ಕೊನೆಯ ಪಂಕ್ತಿಯಲ್ಲಿ, ಅಂಗೈಯಷ್ಟು ಜಾಗ ಕೊಡಬೇಕು. ಚಿತ್ರ ಚೌಕಚೌಕವಾದರೂ ಚಿಂತೆಯಿಲ್ಲ. ಧ್ವನಿ ಸ್ಪಷ್ಟವಾಗಿರಬೇಕು. ಧ್ವನಿಗೆ ಬೇಕಾಗುವ ಜಾಗ ತೀರಾ ಕಡಿಮೆ.

ಬಡ್ತಿ ಬೇಡವೆಂದರೂ ತಮ್ಮ ಮೇಲೆ ವಿಶ್ವಾಸ ಕಳೆದುಕೊಳ್ಳದ,

ಬಿಸೆರಾ ಚಾಪರೋವಾ (ಸಹಿ)

ಅಡಕಗಳು:
1. ಪೆನಾಲ್ಟಿಯ ಚಿತ್ರ (ಮೇಲಿನ ಎಡಗಡೆಯ ಬಿಳಿ ಚೌಕವೇ ಚೆಂಡು ಎಂದು ನಂಬಲಾಗಿದೆ).
2. ಕಣ್ಣೀರು ಇಳಿದು ಕೆಟ್ಟಿರುವ ಕೀಬೋರ್ಡ್, ಒಂದು. ಬದಲಿ ಕೀಬೋರ್ಡ್ ಕಳಿಸುವುದು.
3. ತಮ್ಮ ಪೂಜ್ಯ ತಾಯಿಯವರಿಗೆ ಐವಾರ್, ಒಂದು ಸೀಸೆ. ಇದು ಲಂಚವಲ್ಲ, ಸಾಕ್ಷ್ಯ.

ವಿಶೇಷ ಸೂಚನೆ: ಮಾತು ಕೂಡ ಆಕಾಶಕ್ಕೆ ಹೋಗುತ್ತದೆ ಎಂದು ಅತ್ತೆಗೆ ಮನವರಿಕೆ ಮಾಡಿಕೊಡಲು ಯಾರೂ ಪ್ರಯತ್ನಿಸಬಾರದೆಂದು ಸಂಸ್ಥೆಯ ಎಲ್ಲ ವಿಭಾಗಗಳಿಗೂ, ತಮ್ಮ ತಾಯಿಯವರಿಗೂ, ಮಾಲ್ಮೋ ಹಾಗೂ ಮೆಲ್ಬರ್ನಿನ ವೀಕ್ಷಕರಿಗೂ ಸುತ್ತೋಲೆ ಹೊರಡಿಸಬೇಕಾಗಿ ಪ್ರಾರ್ಥನೆ. ಅವರು ಬೈಗುಳವನ್ನು ಮನೆಯಲ್ಲೇ ಕೊಡುತ್ತಾರೆ. ಉಳಿದದ್ದು ಅರ್ಜಿದಾರಳಿಗೆ ಉಪಗ್ರಹದ ಮೂಲಕವೇ ಬರಬೇಕಾಗಿದೆ.